ಹಳೆ ಜಿಪ್ಸಿಯ ಎಮಿಷನ್ ರಿಪೇರಿ: ಥರ್ಮೋಸ್ಟಾಟ್‌ನಿಂದ ಮ್ಯಾನಿಫೋಲ್ಡ್ ತನಕ

ಗಾಡಿ: ಮಾರುತಿ ಜಿಪ್ಸಿ ಕಿಂಗ್, 2006ರ ಮಾಡೆಲ್. ಜಿ13ಬಿಬಿ ಎಂಜಿನ್, 1298 ಸಿಸಿ, 16 ವಾಲ್ವ್, ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವ) ಪೆಟ್ರೋಲ್. ಕೆಎ-18 ನೋಂದಣಿ. ಓಡಾಟ ಬಹುಪಾಲು ಚಿಕ್ಕಮಗಳೂರಿನ ಮೇಲಿನ ಕಾಫಿ ತೋಟಗಳಲ್ಲಿ. ಮನೆಯಿಂದ ಕಣಕ್ಕೆ, ಕಣದಿಂದ ಲೈನ್ ಮನೆಗಳಿಗೆ, ವಾರಕ್ಕೊಮ್ಮೆ ಪೇಟೆಗೆ.

ದೂರು: ಹದಿನೈದು ವರ್ಷ ದಾಟಿದ ಗಾಡಿ, ಐದು ವರ್ಷಕ್ಕೊಮ್ಮೆ ಮಾಡಿಸಬೇಕಾದ ಆರ್‌ಸಿ ನವೀಕರಣ ಹತ್ತಿರ ಬಂದಿದೆ, ಎಮಿಷನ್ ಟೆಸ್ಟ್ ಫೇಲ್. ಸೈಲೆನ್ಸರ್ ಬಾಯಲ್ಲಿ ಒಣ ಮಸಿ. ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಹಿಂದೆ ನಿಂತರೆ ಕಣ್ಣು ಉರಿ. ಮೈಲೇಜ್ ಎಂಟರ ಆಸುಪಾಸು. ಪಿಕಪ್ ಬಗ್ಗೆ ಮಾತ್ರ ದೂರಿಲ್ಲ.

ಈ ಮೊದಲು ಒಂದು ಗ್ಯಾರೇಜ್‌ನಲ್ಲಿ ಆದ ಕೆಲಸ: ಏರ್ ಫಿಲ್ಟರ್ ಹೊಸದು, ಪ್ಲಗ್ ನಾಲ್ಕೂ ಹೊಸದು, ಆಕ್ಸಿಜನ್ ಸೆನ್ಸರ್ ಹೊಸದು, ಇಂಜೆಕ್ಟರ್ ಕ್ಲೀನಿಂಗ್. ಒಟ್ಟು 6,450 ರೂಪಾಯಿ. ಸಿಒ (ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್) ಅಂಕಿ ಅಲ್ಲಾಡಲಿಲ್ಲ. ಕೊನೆಗೆ ‘ಕ್ಯಾಟ್ (ಹೊಗೆಯ ವಿಷಾನಿಲ ಸುಡುವ ಕ್ಯಾಟಲಿಟಿಕ್ ಕನ್ವರ್ಟರ್) ಹೋಗಿದೆ, ಬದಲಾಯಿಸಬೇಕು’ ಅಂದಿದ್ದಾರೆ. ಹತ್ತಾರು ಸಾವಿರದ ಆ ಮಾತಿಗೆ ಒಪ್ಪುವ ಮುಂಚೆ ಬುಡದಿಂದ ತಪಾಸಣೆ ಮಾಡಿದ ದಾಖಲೆ ಇದು.

ಹಂತ 1: ಮೊದಲ ಅಳತೆ

ಬಿಎಸ್-2, ಬಿಎಸ್-3 (ಭಾರತ್ ಸ್ಟೇಜ್ ಹೊಗೆ ಮಾನದಂಡ) ನಾಲ್ಕು ಚಕ್ರದ ಪೆಟ್ರೋಲ್ ಗಾಡಿಗಳಿಗೆ ಐಡ್ಲಿಂಗ್‌ನಲ್ಲಿ ಮಿತಿ: ಸಿಒ ಶೇ. 0.5, ಎಚ್‌ಸಿ (ಹೈಡ್ರೋಕಾರ್ಬನ್, ಅಂದರೆ ಸುಡದ ಪೆಟ್ರೋಲ್) 750 ಪಿಪಿಎಂ (ಹತ್ತು ಲಕ್ಷಕ್ಕೆ 750 ಪಾಲು). ಬಿಎಸ್-4 ಗಾಡಿಗಾದರೆ ಶೇ. 0.3 ಮತ್ತು 200 ಪಿಪಿಎಂ. ಈ ಗಾಡಿ ಮೊದಲ ಗುಂಪಿನದು.

ಟೆಸ್ಟ್ ಮಾಡಿಸುವಾಗ ಪಾಸು, ಫೇಲು ಅಷ್ಟನ್ನೇ ಕೇಳಿಕೊಂಡು ಬರಬಾರದು. ನಾಲ್ಕು ಅನಿಲದ ಯಂತ್ರವಾದರೆ ಪರದೆಯ ಮೇಲೆ ಸಿಒ2, ಆಕ್ಸಿಜನ್, ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಪ್ರಮಾಣದ ಅಂಕಿ) ಕೂಡ ಬರುತ್ತವೆ. ಅಷ್ಟನ್ನೂ ಬರೆದುಕೊಳ್ಳಿ. ರಿಪೇರಿಗೆ ದಾರಿ ತೋರಿಸುವುದು ಆ ಮೂರು ಅಂಕಿಗಳೇ.

ಮೊದಲ ಓದು (ರೀಡಿಂಗ್; ಎಚ್‌ಸಿ ಪಿಪಿಎಂನಲ್ಲಿ, ಉಳಿದ ಅನಿಲ ಶೇಕಡಾದಲ್ಲಿ): ಸಿಒ 3.8, ಎಚ್‌ಸಿ 610, ಸಿಒ2 12.2, ಆಕ್ಸಿಜನ್ 0.6, ಲ್ಯಾಂಬ್ಡಾ 0.90.

ಲ್ಯಾಂಬ್ಡಾ 1ಕ್ಕಿಂತ ಕೆಳಗೆ ಅಂದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. 0.90 ಅಂದರೆ ತುಂಬಾ ರಿಚ್. ಇಷ್ಟು ರಿಚ್ ಓಡುವ ಎಂಜಿನ್ನಿಗೆ ಹೊಸ ಕ್ಯಾಟ್ ಹಾಕಿದರೂ ಟೆಸ್ಟ್ ಪಾಸಾಗುವುದಿಲ್ಲ. ಸಿಒ ಸುಡಲು ಬೇಕಾದಷ್ಟು ಆಕ್ಸಿಜನ್ ಹೊಗೆಯಲ್ಲಿ ಇರುವುದಿಲ್ಲ. ಮೇಲಾಗಿ ಹೊಸ ಕ್ಯಾಟ್ ಕೂಡ ಆ ಮಸಿಯಲ್ಲಿ, ಆ ಬಿಸಿಯಲ್ಲಿ ಬೇಗ ಕೆಡುತ್ತದೆ. ಹಾಗಾಗಿ ಕ್ಯಾಟ್ ವಿಚಾರ ಕೊನೆಗೆ.

ಮಿಸ್‌ಫೈರ್ (ಕಿಡಿ ತಪ್ಪಿ ಪೆಟ್ರೋಲ್ ಸುಡದಿರುವುದು) ಇದ್ದಿದ್ದರೆ ಎಚ್‌ಸಿ ಸಾವಿರ ದಾಟುತ್ತಿತ್ತು, ಆಕ್ಸಿಜನ್ನೂ ಏರುತ್ತಿತ್ತು. ಇಲ್ಲಿ ಎರಡೂ ಇಲ್ಲ. ಆದ್ದರಿಂದ ಪ್ಲಗ್, ಅದಕ್ಕೆ ಕರೆಂಟ್ ಒಯ್ಯುವ ಎಚ್‌ಟಿ ವೈರ್ ಕಡೆ ಹೋಗಲಿಲ್ಲ. ಪ್ಲಗ್ ಗ್ಯಾಪ್ ಮಾತ್ರ ನೋಡಿದ್ದು: 1.0ರಿಂದ 1.1 ಮಿ.ಮೀ. ಬೇಕು, ಇತ್ತು.

ಏರ್ ಫಿಲ್ಟರ್ ಬದಲಾಯಿಸಿದ್ದರಿಂದ ಯಾಕೆ ಪ್ರಯೋಜನ ಆಗಲಿಲ್ಲ ಎಂಬುದನ್ನೂ ಹೇಳಬೇಕು. ಕಾರ್ಬುರೇಟರ್ ಗಾಡಿಯಲ್ಲಿ ಫಿಲ್ಟರ್ ಕಟ್ಟಿಕೊಂಡರೆ ರಿಚ್ ಆಗುತ್ತದೆ. ಈ ಎಂಜಿನ್ ಗಾಳಿಯನ್ನು ಲೆಕ್ಕ ಹಾಕುವುದು ಮ್ಯಾಪ್ ಸೆನ್ಸರ್‌ನಿಂದ, ಇನ್‌ಟೇಕ್ (ಎಂಜಿನ್‌ಗೆ ಗಾಳಿ ಬರುವ ದಾರಿ) ಒಳಗಿನ ಒತ್ತಡ ನೋಡಿ. ಫಿಲ್ಟರ್ ಕಟ್ಟಿಕೊಂಡರೆ ಒತ್ತಡ ಇಳಿಯುತ್ತದೆ, ಇಸಿಯು (ಎಂಜಿನ್ ಕಂಪ್ಯೂಟರ್) ಪೆಟ್ರೋಲನ್ನೂ ಇಳಿಸುತ್ತದೆ. ಪವರ್ ಹೋಗುತ್ತದೆ, ಸಿಒ ಏರುವುದಿಲ್ಲ. ‘ಘಟ್ಟದ ಎತ್ತರಕ್ಕೆ ಹೀಗೇ ಸಾರ್’ ಎನ್ನುವ ಮಾತಿಗೂ ಇದೇ ಉತ್ತರ. ಹಳೆ ಕಾರ್ಬುರೇಟರ್ ಜಿಪ್ಸಿ ಮುಳ್ಳಯ್ಯನಗಿರಿ ರಸ್ತೆ ಹತ್ತಿದಂತೆಲ್ಲ ರಿಚ್ ಆಗುವುದು ನಿಜ. ಎಂಪಿಎಫ್‌ಐ ಗಾಡಿಗೆ ಆ ನೆಪ ಹೇಳುವಂತಿಲ್ಲ.

ಹಂತ 2: ವ್ಯಾಕ್ಯೂಮ್ ಹೋಸ್‌ಗಳು

ಬೇಕಾದದ್ದು: ವ್ಯಾಕ್ಯೂಮ್ ಗೇಜ್, ಟಾರ್ಚ್, ಕಾರ್ಬ್ ಕ್ಲೀನರ್ ಸ್ಪ್ರೇ, ಮಲ್ಟಿಮೀಟರ್, ಕೈ ವ್ಯಾಕ್ಯೂಮ್ ಪಂಪ್.

ತೋಟದ ಶೆಡ್‌ನಲ್ಲಿ ನಿಲ್ಲುವ ಗಾಡಿ ಅಂದರೆ ಇಲಿ ಕಾಟ ಇದ್ದದ್ದೇ. ಮ್ಯಾಪ್ ಸೆನ್ಸರ್‌ಗೆ ಹೋಗುವ ಸಣ್ಣ ಹೋಸ್‌ನ ಕೆಳಭಾಗದಲ್ಲಿ ಹಲ್ಲಿನ ಗುರುತು, ಒಂದು ಕಡೆ ತೂತು. ಮೇಲಿನಿಂದ ನೋಡಿದರೆ ಕಾಣುವುದಿಲ್ಲ. ಹೋಸ್ ಪೂರ್ತಿ ಕಳಚಿ, ಒಂದು ತುದಿ ಬೆರಳಲ್ಲಿ ಮುಚ್ಚಿ, ಇನ್ನೊಂದು ತುದಿಯಿಂದ ಊದಿ ನೀರಲ್ಲಿ ಮುಳುಗಿಸಿದಾಗ ಗುಳ್ಳೆ ಬಂತು.

ಬೇರೆ ಹೋಸ್ ಸೀಳಿದರೆ ಎಂಜಿನ್ ಲೀನ್ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ) ಆಗುವ ಕಡೆ ಹೋಗುತ್ತದೆ. ಮ್ಯಾಪ್ ಹೋಸ್ ಸೀಳಿದರೆ ತದ್ವಿರುದ್ಧ. ಸೆನ್ಸರ್‌ಗೆ ಹೊರಗಿನ ಗಾಳಿಯ ಒತ್ತಡ ಬೆರೆತು ಬರುತ್ತದೆ, ಎಂಜಿನ್ ಮೇಲೆ ಲೋಡ್ ಇದೆ ಎಂದು ಇಸಿಯು ತಿಳಿದು ಪೆಟ್ರೋಲ್ ಹೆಚ್ಚು ಸುರಿಯುತ್ತದೆ. ಆದ್ದರಿಂದ ರಿಚ್ ದೂರಿಗೆ ಮೊದಲು ನೋಡಬೇಕಾದ ಹೋಸ್ ಇದೊಂದೇ. ಒಳ ಅಳತೆ 4 ಮಿ.ಮೀ. ಇರುವ, ಪೆಟ್ರೋಲ್ ತಡೆಯುವ ಹೋಸ್ ತಂದು ಹಾಕಿ. ಮೀನಿನ ತೊಟ್ಟಿಗೆ ಹಾಕುವ ಪ್ಲಾಸ್ಟಿಕ್ ನಳಿಕೆ ಹಾಕಿದ ಗಾಡಿಗಳೂ ಬರುತ್ತವೆ. ಅದು ಎಂಜಿನ್ ಬಿಸಿಗೆ ಮೆತ್ತಗಾಗಿ ಒಳಗೇ ಕೂಡಿಕೊಂಡು ಮುಚ್ಚಿಹೋಗುತ್ತದೆ.

ಮ್ಯಾಪ್ ಸೆನ್ಸರ್ ತಪಾಸಣೆ: ಇಗ್ನಿಷನ್ ಆನ್, ಎಂಜಿನ್ ಆಫ್. ಸಿಗ್ನಲ್ ವೈರ್‌ನಲ್ಲಿ 3.5 ವೋಲ್ಟ್. ನಮ್ಮ ಎತ್ತರಕ್ಕೆ 3ರಿಂದ 4ರ ನಡುವೆ ಇದ್ದರೆ ಸರಿ. ಕೈ ಪಂಪ್‌ನಲ್ಲಿ ವ್ಯಾಕ್ಯೂಮ್ ಎಳೆದಂತೆ ವೋಲ್ಟೇಜ್ ಎಲ್ಲೂ ಜಿಗಿಯದೆ ಇಳಿಯಬೇಕು, ಪಂಪ್ ನಿಲ್ಲಿಸಿದಾಗ ಅಲ್ಲೇ ನಿಲ್ಲಬೇಕು. ಎರಡೂ ಆಯಿತು. ಸೆನ್ಸರ್ ಚೆನ್ನಾಗಿದೆ.

ಇನ್‌ಟೇಕ್ ವ್ಯಾಕ್ಯೂಮ್ ಐಡ್ಲಿಂಗ್‌ನಲ್ಲಿ 16 ಇಂಚು (ಪಾದರಸದ ಲೆಕ್ಕದಲ್ಲಿ), ಮುಳ್ಳು ಅಲ್ಲಾಡದೆ ನಿಂತಿದೆ. ಪುಸ್ತಕಗಳಲ್ಲಿ 18ರಿಂದ 21 ಇಂಚು ಅಂತ ಇರುವುದು ಸಮುದ್ರ ಮಟ್ಟಕ್ಕೆ. ಸಾವಿರ ಅಡಿಗೆ ಒಂದು ಇಂಚು ಕಳೆಯಬೇಕು. ಚಿಕ್ಕಮಗಳೂರು ಪೇಟೆಯೇ ಸುಮಾರು 3,400 ಅಡಿ ಎತ್ತರದಲ್ಲಿದೆ, ಹಾಸನವೂ 3,000 ಅಡಿ ಮೇಲೇ. ಹಾಗಾಗಿ ಇಲ್ಲಿ 15ರಿಂದ 17 ಇಂಚು ಬಂದರೆ ಎಂಜಿನ್ ಆರೋಗ್ಯವಾಗಿದೆ ಎಂದರ್ಥ. ಈ ಲೆಕ್ಕ ಬಿಟ್ಟು ಓದಿದವರು ಸುಮ್ಮನೆ ವಾಲ್ವ್ ಕೆಲಸಕ್ಕೆ ಹೆಡ್ ಬಿಚ್ಚಿಸಿದ್ದುಂಟು.

ಹೋಸ್ ಬದಲಾದ ಮೇಲೆ: ಸಿಒ 3.3. ಇಳಿದಿದೆ, ಆದರೆ ಅಸಲು ಕಾರಣ ಬೇರೆ ಇದೆ.

ಹಂತ 3: ಎಂಜಿನ್ ಬಿಸಿಯೇ ಆಗುತ್ತಿಲ್ಲ

ಇಡೀ ಕೆಲಸದ ತಿರುಳು ಇಲ್ಲಿದೆ. ಮಲೆನಾಡಿನ ಪೆಟ್ರೋಲ್ ಗಾಡಿ ಇಟ್ಟುಕೊಂಡವರು ಬೇರೆ ಏನು ಓದದಿದ್ದರೂ ಇದನ್ನು ಓದಿ.

ಎಂಜಿನ್ ಸ್ಟಾರ್ಟ್ ಮಾಡಿ ಇಪ್ಪತ್ತು ನಿಮಿಷ ಬಿಟ್ಟು, ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವ ತನಕ ಕೂಲಂಟನ್ನು ರೇಡಿಯೇಟರ್‌ಗೆ ಬಿಡದ ವಾಲ್ವ್) ಹೌಸಿಂಗ್ ಹತ್ತಿರ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ 58 ಡಿಗ್ರಿ. ಹೊರಗೆ ಜಡಿ ಮಳೆ, 20 ಡಿಗ್ರಿ ಚಳಿ. ಮೀಟರ್ ಬೋರ್ಡಿನ ಮುಳ್ಳು ‘ಸಿ’ ಗೆರೆಯಿಂದ ಸ್ವಲ್ಪವೇ ಮೇಲೆ.

ಥರ್ಮಾಮೀಟರ್ ಬಗ್ಗೆ ಒಂದು ಮಾತು. ಹೊಳೆಯುವ ಅಲ್ಯೂಮಿನಿಯಂ ಮೇಲೆ ನೇರ ಹಿಡಿದರೆ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಹೌಸಿಂಗ್ ಮೇಲೆ ಕಪ್ಪು ಇನ್ಸುಲೇಷನ್ ಟೇಪ್ ಒಂದು ತುಂಡು ಅಂಟಿಸಿ, ಆ ಟೇಪಿನ ಮೇಲೆ ಹಿಡಿಯಿರಿ.

ಹೌಸಿಂಗ್‌ನ ಎರಡು ಬೋಲ್ಟ್ ಬಿಚ್ಚಿದರೆ ಒಳಗೆ ಥರ್ಮೋಸ್ಟಾಟ್ ಇಲ್ಲ. ಅದು ಕೂರುವ ಜಾಗದಲ್ಲಿ ಬಿಳಿ ಉಪ್ಪು ಕಟ್ಟಿದ ರಿಂಗ್ ಗುರುತು ಮಾತ್ರ ಉಳಿದಿದೆ. ತೆಗೆದು ವರ್ಷಗಳೇ ಆಗಿವೆ. ಯಾವಾಗಲೋ ಎಂಜಿನ್ ಹೀಟ್ ಆಗಿರಬೇಕು, ರೇಡಿಯೇಟರ್ ಕ್ಲೀನ್ ಮಾಡಿಸುವ ಬದಲು ಥರ್ಮೋಸ್ಟಾಟ್ ಕಿತ್ತಿದ್ದಾರೆ. ನಮ್ಮ ಕಡೆ ಈ ಅಭ್ಯಾಸ ಗ್ಯಾರೇಜ್‌ನಿಂದ ಗ್ಯಾರೇಜ್‌ಗೆ ಬಂದಿದೆ. ಬಯಲುಸೀಮೆಯ ಬೇಸಿಗೆಯಲ್ಲಿ ಹೇಗೋ ನಡೆಯುತ್ತದೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ, ಅದೂ ಎರಡು ಮೂರು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಯಲ್ಲಿ, ಎಂಜಿನ್ ಎಂದೂ ಪೂರ್ತಿ ಬಿಸಿಯಾಗುವುದಿಲ್ಲ. ಜಿಪ್ಸಿಯ ಫ್ಯಾನ್ ಬೆಲ್ಟ್‌ನಿಂದ ಎಂಜಿನ್ ಜೊತೆಗೇ ತಿರುಗುವಂಥದ್ದು, ಹಾಗಾಗಿ ಇನ್ನಷ್ಟು ತಣ್ಣಗೆ.

ಇದರಿಂದ ಏನೇನಾಗುತ್ತದೆ? ಕೂಲಂಟ್ ಸೆನ್ಸರ್ 58 ಡಿಗ್ರಿ ಹೇಳುತ್ತಿದ್ದರೆ ಎಂಜಿನ್ ಇನ್ನೂ ಬಿಸಿಯಾಗುತ್ತಿದೆ ಎಂದುಕೊಂಡು ಇಸಿಯು ಹೆಚ್ಚುವರಿ ಪೆಟ್ರೋಲ್ ಕೊಡುತ್ತಲೇ ಇರುತ್ತದೆ. ಕಾರ್ಬುರೇಟರ್ ಕಾಲದ ಚೋಕ್ ಎಳೆದೇ ಬಿಟ್ಟ ಹಾಗೆ. ಸುಡದ ಪೆಟ್ರೋಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್‌ಗೆ ಸೇರುತ್ತದೆ. ಆಯಿಲ್‌ನಿಂದ ಆವಿಯಾಗಿ ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಆವಿ ಹೊರಬಿಡುವ ವಾಲ್ವ್) ದಾರಿಯಲ್ಲಿ ಮತ್ತೆ ಇನ್‌ಟೇಕ್‌ಗೆ ಬರುತ್ತದೆ, ಸಿಒ ಇನ್ನಷ್ಟು ಏರುತ್ತದೆ. ಕ್ಯಾಟ್ ಕೆಲಸ ಶುರು ಮಾಡಲು ಬೇಕಾದ 250-300 ಡಿಗ್ರಿ ಬಿಸಿಯೂ ಬೇಗ ಸಿಗುವುದಿಲ್ಲ.

ಕೂಲಂಟ್ ಸೆನ್ಸರ್ ಸುಳ್ಳು ಹೇಳುತ್ತಿಲ್ಲ ತಾನೇ ಎಂದು ಬಿಚ್ಚಿ ನೋಡಿದ್ದು. ತಣ್ಣೀರಲ್ಲಿ, 22 ಡಿಗ್ರಿಗೆ 2.3 ಕಿಲೋ ಓಮ್. ಬಿಸಿನೀರಲ್ಲಿ, 80 ಡಿಗ್ರಿಗೆ 0.32 ಕಿಲೋ ಓಮ್. ಸುಜುಕಿ ಲೆಕ್ಕ 20 ಡಿಗ್ರಿಗೆ 2.2ರಿಂದ 2.7, 80 ಡಿಗ್ರಿಗೆ 0.29ರಿಂದ 0.35. ಸೆನ್ಸರ್ ಸರಿಯಿದೆ, ಇದ್ದದ್ದನ್ನೇ ಹೇಳುತ್ತಿದೆ. ಕನೆಕ್ಟರ್ ಪಿನ್‌ನಲ್ಲಿ ಹಸಿರು ಕಿಲುಬು ಇತ್ತು, ಕೆರೆದು ತೆಗೆದಾಯಿತು. ಕಿಲುಬಿನಿಂದ ರೆಸಿಸ್ಟೆನ್ಸ್ ಸೇರಿದರೂ ಇಸಿಯುಗೆ ಎಂಜಿನ್ ತಣ್ಣಗಿರುವಂತೆಯೇ ಕಾಣುತ್ತದೆ.

ಹೊಸ 82 ಡಿಗ್ರಿ ಥರ್ಮೋಸ್ಟಾಟ್ ಹಾಕುವ ಮುಂಚೆ ಪಾತ್ರೆಯಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ ನೋಡಿ. ಬಾಯಿ ಬಿಡಲು ಶುರು ಮಾಡಿದ್ದು 81ಕ್ಕೆ. ಪಾತ್ರೆಯ ತಳಕ್ಕೆ ತಾಗಬಾರದು, ತಾಗಿದರೆ ಬೇಗ ತೆರೆಯುತ್ತದೆ. ಈ ಎತ್ತರದಲ್ಲಿ ನೀರು ಕುದಿಯುವುದೇ 96-97 ಡಿಗ್ರಿಗೆ, ಹಾಗಾಗಿ ಕುದಿಯುವ ನೀರನ್ನು 100 ಎಂದುಕೊಂಡು ಅಂದಾಜು ಮಾಡಬೇಡಿ, ಥರ್ಮಾಮೀಟರ್ ಇಡಿ.

ಕೂರಿಸುವಾಗ ಗಮನಿಸಬೇಕಾದ್ದು: ಥರ್ಮೋಸ್ಟಾಟ್ ಅಂಚಿನ ಸಣ್ಣ ಗಾಳಿ ಪಿನ್ ಮೇಲ್ಮುಖವಾಗಿರಬೇಕು. ಹಳೆ ಪ್ಯಾಕಿಂಗ್ ಬ್ಲೇಡಿನಿಂದ ಕೆರೆದು ತೆಗೆಯಿರಿ, ಅಲ್ಯೂಮಿನಿಯಂ ಗೀರಬಾರದು. ಹೊಸ ಪ್ಯಾಕಿಂಗ್‌ಗೆ ತೆಳು ಸೀಲಂಟ್ ಸಾಕು, ಹೆಚ್ಚಾದರೆ ಒಳಗೆ ಉಂಡೆಯಾಗಿ ರೇಡಿಯೇಟರ್ ಸೇರುತ್ತದೆ. ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ರೇಡಿಯೇಟರ್ ಮುಚ್ಚಳ ತೆಗೆದು, ಗುಳ್ಳೆ ನಿಲ್ಲುವ ತನಕ ಎಂಜಿನ್ ಓಡಿಸಿ. ಥರ್ಮೋಸ್ಟಾಟ್ ವಾಪಸ್ ಹಾಕಿದ ಮೇಲೆ ಎಂಜಿನ್ ಹೀಟ್ ಆದರೆ ರೇಡಿಯೇಟರ್ ಕಟ್ಟಿಕೊಂಡಿದೆ ಎಂದರ್ಥ, ಅದನ್ನು ಸರಿ ಮಾಡಿಸಿ. ಮತ್ತೆ ಥರ್ಮೋಸ್ಟಾಟ್ ಕೀಳಬೇಡಿ.

ಆಯಿಲ್ ಡಿಪ್‌ಸ್ಟಿಕ್‌ನಲ್ಲಿ ‘ಎಫ್’ ಗುರುತಿಗಿಂತ ಮೇಲಿತ್ತು, ಮೂಸಿದರೆ ಪೆಟ್ರೋಲ್ ವಾಸನೆ. ಬಿಸಿ ಎಂಜಿನ್‌ನಲ್ಲಿ ಪಿಸಿವಿ ಹೋಸ್ ಒತ್ತಿ ಹಿಡಿದಾಗ ಸಿಒ ಅಂಕಿ ಕಣ್ಣೆದುರೇ ಅರ್ಧ ಶೇಕಡಾದಷ್ಟು ಇಳಿಯಿತು. ಆಯಿಲ್, ಫಿಲ್ಟರ್ ಎರಡೂ ಬದಲಿ, ಸುಮಾರು ಮೂರೂವರೆ ಲೀಟರ್. ರಿಚ್ ಓಡಿದ ಗಾಡಿಯಲ್ಲಿ ಆಯಿಲ್ ಬದಲಾಯಿಸದೆ ಮರುಪರೀಕ್ಷೆಗೆ ಹೋಗುವುದು ವ್ಯರ್ಥ.

ಈಗ ಹೌಸಿಂಗ್ ಬಿಸಿ 84ರಲ್ಲಿ ನಿಂತಿತು. ಓದು: ಸಿಒ 1.6, ಎಚ್‌ಸಿ 340, ಸಿಒ2 13.7, ಆಕ್ಸಿಜನ್ 0.7, ಲ್ಯಾಂಬ್ಡಾ 0.97.

ಹಂತ 4: ಪೆಟ್ರೋಲ್ ಪ್ರೆಷರ್

ಇದು ಬೇಗ ಮುಗಿಯಿತು. ಗೇಜ್ ಹಾಕಿ ಪಂಪ್ ಓಡಿಸಿ, ಎಂಜಿನ್ ಆಫ್: 2.9 ಕೆ.ಜಿ. (ಚದರ ಸೆಂ.ಮೀ.ಗೆ). ಐಡ್ಲಿಂಗ್: 2.3 ಕೆ.ಜಿ. ರೆಗ್ಯುಲೇಟರ್‌ನ ವ್ಯಾಕ್ಯೂಮ್ ಹೋಸ್ ಕಳಚಿ ನೋಡಿದರೆ ಒಣಗಿದೆ, ಪೆಟ್ರೋಲ್ ವಾಸನೆ ಇಲ್ಲ. ವಾಸನೆ ಬಂದಿದ್ದರೆ ಒಳಗಿನ ಡಯಾಫ್ರಾಮ್ ಹರಿದಿದೆ ಎಂದರ್ಥ, ರೆಗ್ಯುಲೇಟರ್ ಬದಲಾಯಿಸಬೇಕಿತ್ತು. ಎಂಜಿನ್ ನಿಲ್ಲಿಸಿ ಐದು ನಿಮಿಷದ ಮೇಲೂ ಪ್ರೆಷರ್ 2 ಕೆ.ಜಿ. ಮೇಲೇ ಇತ್ತು, ಇಂಜೆಕ್ಟರ್ ಸೋರಿಕೆ ಇಲ್ಲ. ಗೇಜ್ ಕಳಚುವಾಗ ಬಟ್ಟೆ ಸುತ್ತಿ ಪ್ರೆಷರ್ ಇಳಿಸಿಕೊಳ್ಳಿ, ಬಿಸಿ ಎಂಜಿನ್ ಪಕ್ಕದಲ್ಲೇ ಇರುತ್ತದೆ.

ಹಂತ 5: ಕ್ಯಾನಿಸ್ಟರ್

ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಹಿಡಿದಿಟ್ಟು, ಎಂಜಿನ್ ಬಿಸಿಯಾದ ಮೇಲೆ ಸುಡಲು ಕಳಿಸುವ ಇದ್ದಿಲು ಡಬ್ಬಿ ಇದು. ಹಳೆ ಜಿಪ್ಸಿಯಲ್ಲಿ ಯಾರೂ ಇದರ ಕಡೆ ತಿರುಗಿ ನೋಡುವುದಿಲ್ಲ.

ಸುಲಭ ಪರೀಕ್ಷೆ: ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಪರ್ಜ್ ಹೋಸ್ (ಡಬ್ಬಿಯಿಂದ ಎಂಜಿನ್‌ಗೆ ಆವಿ ಒಯ್ಯುವುದು) ಅನ್ನು ಬಟ್ಟೆ ಸುತ್ತಿದ ಪಕ್ಕಡದಲ್ಲಿ ಒತ್ತಿ ಹಿಡಿಯಿರಿ. ಸಿಒ ಬದಲಾಗಬಾರದು, ಯಾಕೆಂದರೆ ಐಡ್ಲಿಂಗ್‌ನಲ್ಲಿ ಪರ್ಜ್ ವಾಲ್ವ್ ಮುಚ್ಚಿರಬೇಕು. ಇಲ್ಲಿ ಒತ್ತಿದ ಕೂಡಲೇ 1.6ರಿಂದ 1.2ಕ್ಕೆ ಬಂತು. ವಾಲ್ವ್ ಬಿಚ್ಚಿ ಬಾಯಿಂದ ಊದಿದರೆ ಕರೆಂಟ್ ಇಲ್ಲದೆಯೂ ಗಾಳಿ ದಾಟುತ್ತಿದೆ. ಕಾಯಿಲ್ ಸರಿಯಿದೆ, 32 ಓಮ್. ಸೀಟಿನ ಮೇಲೆ ಇದ್ದಿಲ ಚೂರು ಸಿಕ್ಕಿಕೊಂಡಿದೆ. ಕ್ಲೀನರ್ ಹೊಡೆದು ಸ್ವಚ್ಛ ಮಾಡಿದಾಗ ಮುಚ್ಚಿಕೊಂಡಿತು, ಆದರೆ ಸ್ವಲ್ಪ ಓಡಿದ ಮೇಲೆ ಮತ್ತೆ ಸೋರಿತು. ರಬ್ಬರ್ ಸೀಟೇ ಗಟ್ಟಿಯಾಗಿಬಿಟ್ಟಿತ್ತು. ಹೊಸ ವಾಲ್ವ್ 1,300 ರೂಪಾಯಿ.

ಡಬ್ಬಿಯ ಗಾಳಿ ಎಳೆಯುವ ಬಾಯಿ ಪೂರ್ತಿ ಮುಚ್ಚಿಹೋಗಿತ್ತು. ಕುಂಬಾರ ಹುಳದ ಮಣ್ಣಿನ ಗೂಡು, ಒಳಗೆ ಒಣಗಿದ ಜೇಡಗಳು. ಹೊರಗಿನ ಗಾಳಿ ಬರಲು ದಾರಿಯಿಲ್ಲದೆ ಪೆಟ್ರೋಲ್ ಮುಚ್ಚಳ ತೆಗೆದಾಗಲೆಲ್ಲ ‘ಸುಸ್’ ಸದ್ದು ಬರುತ್ತಿದ್ದುದಕ್ಕೂ ಇದೇ ಕಾರಣ. ಬೈಂಡಿಂಗ್ ವೈರ್‌ನಿಂದ ಮೆಲ್ಲಗೆ ಒಡೆದು, ಡಬ್ಬಿಯನ್ನು ತಲೆಕೆಳಗು ಮಾಡಿ ಕೊಡವಿ. ಕಂಪ್ರೆಸರ್ ಗಾಳಿ ಜೋರಾಗಿ ಬಿಟ್ಟರೆ ಒಳಗಿನ ಜಾಲರಿ ಹರಿದು ಇದ್ದಿಲು ಹೊರಬರುತ್ತದೆ, ಹಾಗೆ ಮಾಡಬೇಡಿ. ಅಲ್ಲಾಡಿಸಿ ನೋಡಿದರೆ ದ್ರವ ಪೆಟ್ರೋಲ್ ಕುಲುಕುವ ಸದ್ದು ಇರಲಿಲ್ಲ, ಆದ್ದರಿಂದ ಡಬ್ಬಿ ಅದನ್ನೇ ಉಳಿಸಿಕೊಂಡಾಯಿತು. ಗಾಳಿ ಬಾಯಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಕಟ್ಟಿದೆ.

ಡಬ್ಬಿ ಹಾಳಾಗುವುದು ಬಹಳ ಸಲ ಪೆಟ್ರೋಲ್ ಬಂಕಿನಲ್ಲಿ. ತೋಟ ದೂರ ಎಂದು 40 ಲೀಟರ್ ಟ್ಯಾಂಕನ್ನು ಕತ್ತಿನ ತನಕ ತುಂಬಿಸುತ್ತಾರೆ. ನಳಿಕೆ ತಾನಾಗಿ ‘ಟಕ್’ ಎಂದು ನಿಂತ ಮೇಲೆ ಹಾಕಿದ ಪ್ರತಿ ಲೀಟರ್ ಆವಿಯ ಪೈಪಿಗೆ ನುಗ್ಗುವ ಸಾಧ್ಯತೆ ಇದೆ. ಒಮ್ಮೆ ಪೆಟ್ರೋಲ್ ಕುಡಿದ ಇದ್ದಿಲು ಪುಡಿಯಾಗಿ ವಾಲ್ವ್ ಸೇರುತ್ತದೆ.

ಓದು: ಸಿಒ 1.1, ಎಚ್‌ಸಿ 280, ಸಿಒ2 14.1, ಆಕ್ಸಿಜನ್ 0.7, ಲ್ಯಾಂಬ್ಡಾ 0.99.

ಹಂತ 6: ಸೆನ್ಸರ್ ಒಂದು ಹೇಳುತ್ತದೆ, ಯಂತ್ರ ಇನ್ನೊಂದು

ಆಕ್ಸಿಜನ್ ಸೆನ್ಸರ್ ಸಿಗ್ನಲ್‌ಗೆ ಡಿಜಿಟಲ್ ಮಲ್ಟಿಮೀಟರ್ ಹಾಕಿ, ಡಿಸಿ 2 ವೋಲ್ಟ್ ರೇಂಜ್. ಮುಳ್ಳಿನ ಹಳೆ ಮೀಟರ್ ಬೇಡ, ಅದು ಸಿಗ್ನಲ್ಲನ್ನೇ ಎಳೆದುಬಿಡುತ್ತದೆ. ಹೀಟರ್ ಇರುವ ಸೆನ್ಸರ್ ಆದರೆ ಒಂದೇ ಬಣ್ಣದ ಎರಡು ವೈರ್ ಹೀಟರಿನವು, ಅವನ್ನು ಬಿಟ್ಟು ಸಿಗ್ನಲ್ ವೈರ್ ಹುಡುಕಿ.

2,500 ಆರ್‌ಪಿಎಂನಲ್ಲಿ: 0.1ರಿಂದ 0.8ರ ನಡುವೆ ಚುರುಕಾಗಿ ಮೇಲೆ ಕೆಳಗೆ. ಚೆನ್ನಾಗಿದೆ.

ಐಡ್ಲಿಂಗ್‌ನಲ್ಲಿ: 0.15ರ ಹತ್ತಿರ ಅಂಟಿಕೊಂಡಿದೆ, ಅಪರೂಪಕ್ಕೆ 0.4.

0.15 ವೋಲ್ಟ್ ಅಂದರೆ ಲೀನ್, ಪೆಟ್ರೋಲ್ ಸಾಲದು ಎಂದು ಸೆನ್ಸರ್ ಹೇಳುತ್ತಿದೆ. ಅದೇ ಹೊತ್ತಿಗೆ ಸೈಲೆನ್ಸರ್‌ನಲ್ಲಿ ಯಂತ್ರ ಸಿಒ 1.1, ರಿಚ್ ಎನ್ನುತ್ತಿದೆ. ಇವೆರಡೂ ತಿಕ್ಕಾಡಿದಾಗ ಸೆನ್ಸರ್ ಕೆಟ್ಟಿದೆ ಎಂದು ತೀರ್ಮಾನಿಸುವುದು ಸುಲಭ. ಹಿಂದಿನ ಗ್ಯಾರೇಜ್‌ನಲ್ಲಿ ಆದದ್ದೂ ಅದೇ, 4,200 ರೂಪಾಯಿಯ ಹೊಸ ಸೆನ್ಸರ್ ಬಂದು ಅದೇ ಸುಳ್ಳು ಹೇಳಿತು. ತೆಗೆದಿಟ್ಟ ಹಳೆ ಸೆನ್ಸರ್ ವಾಪಸ್ ಹಾಕಿದಾಗಲೂ ಅದೇ 0.15. ಎರಡು ಸೆನ್ಸರ್ ಒಂದೇ ಮಾತು ಹೇಳಿದರೆ ಸೆನ್ಸರ್‌ಗೆ ತಾಗುವ ಹೊಗೆಯಲ್ಲೇ ಹೊರಗಾಳಿ ಬೆರೆತಿದೆ. ಅಂದರೆ ಸೆನ್ಸರ್‌ಗಿಂತ ಮುಂಚೆ, ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಲ್ಲಿ (ನಾಲ್ಕೂ ಸಿಲಿಂಡರಿನ ಹೊಗೆ ಸೇರುವ ಪೈಪು) ಸೋರಿಕೆ. ಹೊಗೆ ಹೊರಬರುವ ತೂತಿನಲ್ಲೇ ಎರಡು ಬಡಿತದ ನಡುವೆ ಗಾಳಿ ಒಳಕ್ಕೂ ಎಳೆಯುತ್ತದೆ. ಐಡ್ಲಿಂಗ್‌ನಲ್ಲಿ ಹೊಗೆ ಕಡಿಮೆ, ಬೆರೆತ ಗಾಳಿಯ ಪಾಲು ಹೆಚ್ಚು. ಆರ್‌ಪಿಎಂ ಏರಿಸಿದರೆ ಆ ಪಾಲು ಮುಳುಗಿಹೋಗುತ್ತದೆ, ಆದ್ದರಿಂದ 2,500ರಲ್ಲಿ ಸೆನ್ಸರ್ ಸರಿಯಾಗಿ ಓದುತ್ತದೆ.

ಬೆಳಗ್ಗೆ ತಣ್ಣನೆ ಸ್ಟಾರ್ಟ್‌ನಲ್ಲಿ ‘ಟಿಕ್ ಟಿಕ್’ ಸದ್ದು ಬಂದು ಎರಡು ನಿಮಿಷಕ್ಕೆ ನಿಲ್ಲುತ್ತಿತ್ತು. ಟ್ಯಾಪೆಟ್ ಸದ್ದು ಎಂದು ಬಿಟ್ಟಿದ್ದರು. ಬಿಸಿಗೆ ಮ್ಯಾನಿಫೋಲ್ಡ್ ಹಿಗ್ಗಿ ಸಂದಿ ಕಿರಿದಾಗುತ್ತದೆ, ಸದ್ದು ಅಡಗುತ್ತದೆ.

ಹುಡುಕಿದ ಬಗೆ: ಎಂಜಿನ್ ತಣ್ಣಗಿರುವಾಗ ವ್ಯಾಕ್ಯೂಮ್ ಕ್ಲೀನರ್‌ನ ಗಾಳಿ ಹೊರಬಿಡುವ ಬಾಯನ್ನು ಸೈಲೆನ್ಸರ್‌ಗೆ ಬಟ್ಟೆ ಸುತ್ತಿ ಸೇರಿಸಿ ಆನ್ ಮಾಡಿ. ಮ್ಯಾನಿಫೋಲ್ಡ್ ಸುತ್ತ ಸೋಪಿನ ನೀರು ಹೊಡೆಯಿರಿ. ನಾಲ್ಕನೇ ಸಿಲಿಂಡರ್ ಬಾಯಿಯ ಕೆಳಗೆ ನೊರೆ ಉಕ್ಕಿತು. ಹೀಟ್ ಶೀಲ್ಡ್ ತೆಗೆದಾಗ ಅಲ್ಲಿನ ಒಂದು ಸ್ಟಡ್ (ಮ್ಯಾನಿಫೋಲ್ಡನ್ನು ಹೆಡ್‌ಗೆ ಬಿಗಿಯುವ ಥ್ರೆಡ್ ಕಡ್ಡಿ) ತಲೆ ಮುರಿದು ಹೋಗಿದೆ, ಗ್ಯಾಸ್ಕೆಟ್ ಮೇಲೆ ಬೂದು ಬಣ್ಣದ ಮಸಿ ಗೆರೆ.

ಹಂತ 7: ಮುರಿದ ಸ್ಟಡ್

ಎಂ8 ಸ್ಟಡ್, 1.25 ಪಿಚ್. ಹೆಡ್ ಅಲ್ಯೂಮಿನಿಯಂ, ಹಾಗಾಗಿ ಆತುರ ಕೂಡದು. ಸ್ಟಡ್ ಸುಮಾರು 3 ಮಿ.ಮೀ. ಹೊರಗಿತ್ತು.

ಮೊದಲ ಪ್ರಯತ್ನ, ತುಕ್ಕು ಬಿಡಿಸುವ ಆಯಿಲ್ ಹೊಡೆದು ರಾತ್ರಿಯಿಡೀ ಬಿಟ್ಟು ವೈಸ್ ಗ್ರಿಪ್‌ನಲ್ಲಿ ತಿರುಗಿಸುವುದು: ಹಲ್ಲು ಜಾರಿತು, ಸ್ಟಡ್ ಅಲ್ಲಾಡಲಿಲ್ಲ. ಎಕ್ಸ್‌ಟ್ರಾಕ್ಟರ್ ಬಿಟ್ ಹಾಕುವ ಸಲಹೆ ಬಂತು, ಹಾಕಲಿಲ್ಲ. ಅದು ಒಳಗೆ ಮುರಿದರೆ ಡ್ರಿಲ್ ಕೂಡ ಇಳಿಯದಷ್ಟು ಗಟ್ಟಿ ಉಕ್ಕು, ಆಮೇಲೆ ಹೆಡ್ ಇಳಿಸಿ ಲೇತ್‌ಗೆ ಒಯ್ಯಬೇಕು. ಎರಡನೆಯದು, ಸ್ಟಡ್ ಮೇಲೆ ಎಂ8 ನಟ್ ಇಟ್ಟು ಒಳಗಿನಿಂದ ವೆಲ್ಡ್ ತುಂಬುವುದು. ಮೊದಲ ವೆಲ್ಡ್ ಕಿತ್ತು ಬಂತು, ಮಸಿ ಸರಿಯಾಗಿ ತೆಗೆದಿರಲಿಲ್ಲ. ವೈರ್ ಬ್ರಷ್‌ನಲ್ಲಿ ಬೆಳ್ಳಗೆ ಉಜ್ಜಿ ಮತ್ತೆ ತುಂಬಿ, ಕೆಂಪು ಆರಿದ ಮೇಲೆ ಬೇರಿಗೆ ಮೇಣದ ಬತ್ತಿ ತಾಗಿಸಿದಾಗ ಮೇಣ ಕರಗಿ ಥ್ರೆಡ್ ಒಳಗೆ ಇಳಿಯಿತು. ಪಾನಾದಲ್ಲಿ ಕಾಲು ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಆಡಿಸುತ್ತ ಹೊರಬಂತು. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ಎರಡೂ ಟರ್ಮಿನಲ್ ಮತ್ತು ಇಸಿಯು ಕನೆಕ್ಟರ್ ಕಳಚಿ. ಅರ್ತ್ ಕ್ಲಾಂಪ್ ಹೆಡ್‌ಗೇ ಹತ್ತಿರ ಹಾಕಿ.

ಮ್ಯಾನಿಫೋಲ್ಡ್ ಮುಖದ ಮೇಲೆ ಉಕ್ಕಿನ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿದರೆ ನಾಲ್ಕನೇ ಬಾಯಿಯಲ್ಲಿ 0.25 ಮಿ.ಮೀ. ಹೋಗುತ್ತದೆ. 0.10 ದಾಟಿದರೆ ಹೊಸ ಗ್ಯಾಸ್ಕೆಟ್ ಹಾಕಿದರೂ ಉಳಿಯುವುದಿಲ್ಲ. ಲೇತ್ ಅಂಗಡಿಯಲ್ಲಿ ಮುಖ ಸಮ ಮಾಡಿಸಿದ್ದು. ಕೊಡುವಾಗ ‘ಎಷ್ಟು ಕಡಿಮೆ ಸಾಧ್ಯವೋ ಅಷ್ಟೇ ತೆಗೆಯಿರಿ’ ಎಂದು ಹೇಳಿ.

ಸ್ಟಡ್, ನಟ್ ಎಲ್ಲ ಹೊಸದು. ಗ್ಯಾಸ್ಕೆಟ್‌ಗೆ ಸಿಲಿಕಾನ್ ಬಳಿಯಬೇಡಿ. ಎಂಜಿನ್ ಬಿಸಿಗೆ ಸುಡುತ್ತದೆ, ಅದರ ಆವಿ ಆಕ್ಸಿಜನ್ ಸೆನ್ಸರ್ ಮೇಲೆ ಬಿಳಿ ಪದರ ಕಟ್ಟಿ ಸೆನ್ಸರ್ ಕೊಲ್ಲುತ್ತದೆ. ಒಣ ಗ್ಯಾಸ್ಕೆಟ್, ನಡುವಿನಿಂದ ಹೊರಕ್ಕೆ ಬಿಗಿ ಮಾಡುತ್ತ ಎರಡು ಸುತ್ತು, ಕೊನೆಗೆ 23 ನ್ಯೂಟನ್ ಮೀಟರ್.

ಹಂತ 8: ಕ್ಯಾಟ್ ತಪಾಸಣೆ, ಕೊನೆ ಓದು

ಹಂತ 5ರ ಓದಿನಲ್ಲಿ ಸಿಒ 1.1, ಆಕ್ಸಿಜನ್ 0.7 ಎರಡೂ ಒಟ್ಟಿಗೆ ಇದ್ದವು. ಬಿಸಿಯಾದ, ಜೀವ ಇರುವ ಕ್ಯಾಟ್ ಅವೆರಡನ್ನೂ ಒಟ್ಟಿಗೆ ಉಳಿಯಲು ಬಿಡುವುದಿಲ್ಲ, ಒಂದನ್ನೊಂದು ಸುಡಿಸುತ್ತದೆ. ಹಾಗಾಗಿ ಕ್ಯಾಟ್ ಮೇಲೆ ಅನುಮಾನ ಉಳಿದಿತ್ತು.

ರಬ್ಬರ್ ಸುತ್ತಿಗೆಯಲ್ಲಿ ತಟ್ಟಿದಾಗ ಒಳಗೆ ಗಲಗಲ ಸದ್ದಿಲ್ಲ, ಜೇನುಗೂಡು ಒಡೆದಿಲ್ಲ. ಸೆನ್ಸರ್ ತೂತಿಗೆ ಪ್ರೆಷರ್ ಗೇಜ್ ಹಾಕಿ 2,500 ಆರ್‌ಪಿಎಂನಲ್ಲಿ 1.5 ಪಿಎಸ್‌ಐ. 3 ದಾಟಿದ್ದರೆ ಕಟ್ಟಿಕೊಂಡಿದೆ ಎಂದರ್ಥ. ಸೆನ್ಸರ್ ವಾಪಸ್ ಹಾಕುವಾಗ ಎಂ18 ಥ್ರೆಡ್‌ಗೆ ಮಾತ್ರ ತಾಮ್ರದ ಗ್ರೀಸ್, ತುದಿಗೆ ತಾಗಬಾರದು.

ಆಮೇಲೆ ಕೈಮರದಿಂದ ಅತ್ತಿಗುಂಡಿ ಕಡೆ ಏರು ರಸ್ತೆಯಲ್ಲಿ ಎರಡನೇ, ಮೂರನೇ ಗೇರಿನಲ್ಲಿ ಓಡಿಸಿ ಇಳಿಸಿದ್ದು. ತೋಟದ ಸಣ್ಣ ಓಡಾಟದಲ್ಲಿ ಕ್ಯಾಟ್‌ನಲ್ಲಿ ಕೂತ ಮಸಿ ಸುಡಲು ಇಂಥ ಏರು ಬೇಕು. ಇಳಿದ ಕೂಡಲೇ ಥರ್ಮಾಮೀಟರ್ ಹಿಡಿದಾಗ ಕ್ಯಾಟ್‌ನ ಹಿಂದಿನ ಬಾಯಿ ಮುಂದಿನದಕ್ಕಿಂತ ಹೆಚ್ಚು ಬಿಸಿ ಇತ್ತು, ಅಂದರೆ ಒಳಗೆ ಸುಡುತ್ತಿದೆ. ಪೇಟೆಯ ಟೆಸ್ಟ್ ಸೆಂಟರ್ ತಲುಪಿದ ಮೇಲೂ ಸರದಿಗೆ ಕಾಯುತ್ತ ಐಡ್ಲಿಂಗ್‌ನಲ್ಲಿ ನಿಲ್ಲಿಸಿದರೆ ಕ್ಯಾಟ್ ತಣ್ಣಗಾಗುತ್ತದೆ. ಪ್ರೋಬ್ ಹಾಕುವ ಮುಂಚೆ ಮೂರು ನಿಮಿಷ 2,500 ಆರ್‌ಪಿಎಂನಲ್ಲಿ ಹಿಡಿಯಿರಿ.

ಕೊನೆ ಓದು: ಸಿಒ 0.18, ಎಚ್‌ಸಿ 95, ಸಿಒ2 15.0, ಆಕ್ಸಿಜನ್ 0.4, ಲ್ಯಾಂಬ್ಡಾ 1.01. ಐಡ್ಲಿಂಗ್‌ನಲ್ಲೂ ಸೆನ್ಸರ್ ಈಗ 0.1-0.8 ನಡುವೆ ಆಡುತ್ತಿದೆ. ಬಿಎಸ್-4 ಮಿತಿಯೊಳಗೂ ಬರುವ ಅಂಕಿಗಳು ಇವು, ಹಳೆ ಕ್ಯಾಟ್‌ನಲ್ಲೇ.

ಖರ್ಚು: ಹೋಸ್ 180, ಥರ್ಮೋಸ್ಟಾಟ್ ಮತ್ತು ಪ್ಯಾಕಿಂಗ್ 520, ಕೂಲಂಟ್ 640, ಆಯಿಲ್ ಮತ್ತು ಫಿಲ್ಟರ್ 1,850, ಪರ್ಜ್ ವಾಲ್ವ್ 1,300, ಗ್ಯಾಸ್ಕೆಟ್, ಸ್ಟಡ್, ನಟ್ 620, ವೆಲ್ಡಿಂಗ್ ಮತ್ತು ಲೇತ್ 900, ಸ್ಪ್ರೇ ಇತ್ಯಾದಿ 350. ಒಟ್ಟು 6,360 ರೂಪಾಯಿ. ಪರ್ಜ್ ವಾಲ್ವ್ ಇಲ್ಲಿ, ಹಾಸನದಲ್ಲಿ ಎರಡೂ ಕಡೆ ಸಿಗಲಿಲ್ಲ, ಬೆಂಗಳೂರಿನ ಜೆಸಿ ರಸ್ತೆಯಿಂದ ತರಿಸಬೇಕಾಯಿತು.

ಬಾಕಿ ಉಳಿದದ್ದು: 500 ಕಿಲೋಮೀಟರ್ ಓಡಿದ ಮೇಲೆ ಮ್ಯಾನಿಫೋಲ್ಡ್ ನಟ್‌ಗಳನ್ನು ತಣ್ಣನೆ ಎಂಜಿನ್‌ನಲ್ಲಿ ಮತ್ತೊಮ್ಮೆ 23ಕ್ಕೆ ಬಿಗಿ ನೋಡಬೇಕು. ಟ್ಯಾಂಕಿನಿಂದ ಬರುವ ರಬ್ಬರ್ ಪೆಟ್ರೋಲ್ ಹೋಸ್‌ಗಳು 2006ರವೇ, ಮಡಿಸಿದರೆ ಮೇಲೆ ಸಣ್ಣ ಬಿರುಕು ಕಾಣುತ್ತಿವೆ. ಈಗ ಬಂಕಿನಲ್ಲಿ ಸಿಗುವ ಎಥನಾಲ್ ಬೆರೆತ ಪೆಟ್ರೋಲ್‌ಗೆ ಅವು ತಡೆಯುವಂಥವಲ್ಲ. ಅವನ್ನು ಮುಂದಿನ ಮಳೆಗಾಲಕ್ಕೆ ಮುಂಚೆ ಎಥನಾಲ್ ತಡೆಯುವ ಹೋಸ್‌ಗೆ ಬದಲಾಯಿಸಬೇಕು, ಕ್ಲಿಪ್‌ಗಳ ಸಮೇತ.